ಐಲಾ ದ್ವೀಪದ ಕಿಲ್ಡಾಲ್ಟನ್ ಶಿಲುಬೆ ನಿಂತಿತು, ಅಯೋನಾದ್ದು ಯಾಕೆ ಬಿತ್ತು?

ದ್ವೀಪಸಂಚಾರಿ:
ನಮಸ್ಕಾರ ಎಲ್ಲರಿಗೂ. ಸ್ಕಾಟ್ಲೆಂಡಿನ ಪಶ್ಚಿಮ ಕಡಲಲ್ಲಿ ಐಲಾ ಅಂತ ಒಂದು ದ್ವೀಪ ಇದೆ. ಹೋದ ತಿಂಗಳು ಆಫೀಸಿನ ಮೂವರ ಜೊತೆ ಹೋಗಿದ್ದೆ. ಅವರು ಹೋದದ್ದು ವಿಸ್ಕಿಗೆ, ನಾನು ಹೋದದ್ದು ಕಾರು ಓಡಿಸೋದಕ್ಕೆ. ಕುಡಿಯದವನ ಹಣೆಬರಹ ಅಷ್ಟೇ ಅಲ್ವಾ.

ಕೆನಕ್ರೇಗ್‌ನಲ್ಲಿ ಹಡಗು ಹತ್ತಿದರೆ ಎರಡು ಗಂಟೆ ಚಿಲ್ಲರೆಗೆ ಪೋರ್ಟ್ ಎಲೆನ್. ಅಲ್ಲಿಂದ ಪೂರ್ವಕ್ಕೆ ಒಂದು ರಸ್ತೆ. ಲಫ್ರಾಯ್ಗ್, ಲಗವೂಲಿನ್, ಆರ್ಡ್‌ಬೆಗ್ ಮೂರು ಡಿಸ್ಟಿಲರಿಗಳೂ ಅದೇ ರಸ್ತೆಯಲ್ಲಿ ಒಂದರ ಹಿಂದೆ ಒಂದು ಸಿಗುತ್ತವೆ. ಮೂವರನ್ನೂ ಆರ್ಡ್‌ಬೆಗ್‌ನಲ್ಲಿ ಇಳಿಸಿದೆ. ಎರಡು ಗಂಟೆ ಕೈಯಲ್ಲಿ ಇತ್ತು. ಸುಮ್ನೆ ಮುಂದೆ ಹೋದೆ. ಒಂದೇ ಗಾಡಿ ಹಿಡಿಯುವ ರಸ್ತೆ, ಎರಡೂ ಕಡೆ ಮರ, ಆಗಾಗ ಸಮುದ್ರ. ಪೋರ್ಟ್ ಎಲೆನ್‌ನಿಂದ ಸುಮಾರು 12 ಕಿಲೋಮೀಟರ್ ಆದಮೇಲೆ ಮಾಡು ಇಲ್ಲದ ಒಂದು ಹಳೇ ಚರ್ಚು. ಸುತ್ತ ಕಲ್ಲಿನ ಗೋಡೆ. ಒಳಗೆಲ್ಲ ಸಮಾಧಿಗಳು. ಅವುಗಳ ಮಧ್ಯೆ ಈ ಶಿಲುಬೆ.

ಎತ್ತರ 2.65 ಮೀಟರ್. ತೋಳಿನ ಈ ತುದಿಯಿಂದ ಆ ತುದಿಗೆ 1.32 ಮೀಟರ್. ಕಂಬ, ತೋಳು, ತೋಳುಗಳನ್ನು ಸುತ್ತಿಕೊಂಡ ಬಳೆ ಎಲ್ಲಾ ಸೇರಿ ಒಂದೇ ಕಲ್ಲು. ಎಲ್ಲೂ ಬೆಸುಗೆ ಇಲ್ಲ. 8ನೇ ಶತಮಾನದ ಕೊನೆಯ ಹೊತ್ತಿಗೆ ಕೆತ್ತಿದ್ದು ಅಂತ ಲೆಕ್ಕ. ಚರ್ಚು ಇದಕ್ಕಿಂತ ಸುಮಾರು 400 ವರ್ಷ ಚಿಕ್ಕದು. ಅದರ ಮಾಡು ಹೋಗಿದೆ. ಶಿಲುಬೆ ಹಾಗೇ ಇದೆ.

ಹೋದ ವರ್ಷ ಅಯೋನಾ ದ್ವೀಪಕ್ಕೂ ಹೋಗಿದ್ದೆ. ಅಲ್ಲಿನ ಸಂತ ಜಾನ್ ಶಿಲುಬೆಯೂ ಹೆಚ್ಚುಕಡಿಮೆ ಇದೇ ಕಾಲದ್ದು, ಇದಕ್ಕಿಂತ ತುಂಬಾ ದೊಡ್ಡದು. ಆದರೆ ಹೊರಗೆ ನಿಂತಿರುವುದು 1970ರ ಕಾಂಕ್ರೀಟ್ ನಕಲು. ಅಸಲಿಯ ತುಂಡುಗಳನ್ನು ಸೇರಿಸಿ ಮಠದ ಮ್ಯೂಸಿಯಮಿನಲ್ಲಿ ಇಟ್ಟಿದ್ದಾರೆ.

ನನ್ನ ಪ್ರಶ್ನೆ ಎರಡು. ಒಂದು, ಇದು 1200 ವರ್ಷ ಅಲ್ಲಾಡದೆ ನಿಂತಿತು, ಅದು ಯಾಕೆ ಬಿತ್ತು? ಎರಡು, ಇದು ಯಾರ ಸಮಾಧಿ?

ಸುಮ್ನೆ_ಓದುಗ:
ಡಿಸ್ಟಿಲರಿ ಬಾಗಿಲ ತನಕ ಹೋಗಿ ಕಲ್ಲು ನೋಡಿ ಬಂದ ಮೊದಲ ಕನ್ನಡಿಗ ನೀವೇ ಇರಬೇಕು. ಬೆಂಗಳೂರಿನ ಅಮೃತ್‌ನವರು ಸ್ಕಾಟ್ಲೆಂಡಿನ ಹೊಗೆ ಹಾಕಿದ ಬಾರ್ಲಿ ತರಿಸಿ ಫ್ಯೂಷನ್ ಅನ್ನುವ ವಿಸ್ಕಿ ಮಾಡುತ್ತಾರೆ, 2004ರಲ್ಲಿ ಗ್ಲಾಸ್ಗೋಗೇ ಹೋಗಿ ತಮ್ಮ ಮಾಲ್ಟ್ ಬಿಡುಗಡೆ ಮಾಡಿ ಬಂದರು. ನೀವು ನೋಡಿದರೆ ಬರೀ ಫೋಟೊ. ಇರಲಿ, ಮುಂದುವರಿಸಿ. ಓದುತ್ತಾ ಇದ್ದೇನೆ.

ಹಳೆಗಲ್ಲು:
ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಅದು ಸುಲಭ. ಯಾರ ಸಮಾಧಿಯೂ ಅಲ್ಲ. ಸುತ್ತ ಸಮಾಧಿಗಳು ಇರುವುದರಿಂದ ಹಾಗೆ ಅನ್ನಿಸುತ್ತದೆ. ಶಿಲುಬೆ ಮೊದಲು ಬಂತು. ಈಗ ಕಾಣುವ ಸಮಾಧಿಗಲ್ಲುಗಳೆಲ್ಲ ಎಷ್ಟೋ ಶತಮಾನ ಆದಮೇಲೆ ಅದರ ಅಕ್ಕಪಕ್ಕ ಸೇರಿಕೊಂಡವು. ಕತ್ತಿ ಕೆತ್ತಿದ ಚಪ್ಪಡಿಗಳನ್ನು ನೋಡಿರಬೇಕು ನೀವು. ಅವು ದ್ವೀಪಗಳ ಒಡೆಯರಾಗಿದ್ದ ಮ್ಯಾಕ್‌ಡೊನಾಲ್ಡರ ಕಾಲದ ಮಾದರಿ.

ಹಾಗಾದರೆ ಶಿಲುಬೆ ಯಾಕೆ ನಿಲ್ಲಿಸುತ್ತಿದ್ದರು? ಅಯೋನಾದ ಮಠಾಧಿಪತಿಯಾಗಿದ್ದ ಅಡೊಮ್ನಾನ್ ಅನ್ನುವವರು ಆ ಮಠ ಕಟ್ಟಿದ ಸಂತ ಕೊಲಂಬನ ಚರಿತ್ರೆ ಬರೆದಿದ್ದಾರೆ. ಅವರು ಮಠ ನಡೆಸಿದ್ದು 679ರಿಂದ 704ರವರೆಗೆ, ಅಂದರೆ ಈ ಶಿಲುಬೆಗಿಂತ ಎರಡು ಮೂರು ತಲೆಮಾರು ಹಿಂದೆ. ಅದರಲ್ಲಿ ಎರಡು ಪ್ರಸಂಗ ನನಗೆ ಬಹಳ ಇಷ್ಟ.

ಕೊಲಂಬನ ಸೋದರಮಾವ ಎರ್ನಾನ್ ಬೇರೆ ದ್ವೀಪದಲ್ಲಿ ಇದ್ದ ಮುದುಕ. ಕಾಯಿಲೆ ಬಿದ್ದು ಅಯೋನಾಕ್ಕೆ ವಾಪಸ್ ಬಂದ. ಬಂದರಿನಿಂದ ಕಾಲೆಳೆಯುತ್ತಾ ನಡೆದು ಬರುತ್ತಿದ್ದಾನೆ. ಇತ್ತ ಅಳಿಯ ಎದುರುಗೊಳ್ಳಲು ಹೊರಟಿದ್ದಾನೆ. ಇಬ್ಬರ ನಡುವೆ ಇನ್ನು ಕೆಲವೇ ಹೆಜ್ಜೆ. ಅಷ್ಟರಲ್ಲಿ ಮಾವ ಬಿದ್ದು ಸತ್ತ. ಮುಖ ನೋಡುವುದಕ್ಕೂ ಆಗಲಿಲ್ಲ. ಅವನು ಬಿದ್ದ ಜಾಗದಲ್ಲಿ ಒಂದು ಶಿಲುಬೆ, ಕೊಲಂಬ ನಿಂತಿದ್ದ ಜಾಗದಲ್ಲಿ ಇನ್ನೊಂದು ಶಿಲುಬೆ ನಿಲ್ಲಿಸಿದರು.

ಇನ್ನೊಂದು ಕೊಲಂಬನ ಕೊನೆಯ ದಿನದ್ದು. 597ನೇ ಇಸವಿ. ಕಣಜ ನೋಡಿಕೊಂಡು ವಾಪಸ್ ಬರುವಾಗ ಸುಸ್ತಾಗಿ ದಾರಿಯಲ್ಲಿ ಕೂತ. ಮಠಕ್ಕೆ ಹಾಲು ಹೊರುತ್ತಿದ್ದ ಬಿಳೀ ಕುದುರೆ ಬಂದು ಅವನ ಎದೆಗೆ ತಲೆ ಇಟ್ಟು ಅತ್ತಿತಂತೆ. ಅವನು ಕೂತ ಆ ಜಾಗದಲ್ಲಿ ಮುಂದೆ ಒಂದು ಬೀಸುವ ಕಲ್ಲಿನ ತೂತಿಗೆ ಶಿಲುಬೆ ಸಿಕ್ಕಿಸಿ ನಿಲ್ಲಿಸಿದ್ದರು, ಇವತ್ತಿಗೂ ರಸ್ತೆ ಪಕ್ಕ ಕಾಣುತ್ತದೆ ಅಂತ ಅಡೊಮ್ನಾನ್ ಬರೆಯುತ್ತಾರೆ.

ಅಂದರೆ ಶಿಲುಬೆ ಹೆಣದ ಗುರುತಲ್ಲ, ಜಾಗದ ಗುರುತು. ಇಲ್ಲಿ ಏನೋ ನಡೆಯಿತು, ಇಲ್ಲಿ ನಿಲ್ಲು, ಇಲ್ಲಿ ಪ್ರಾರ್ಥನೆ ಮಾಡು ಅನ್ನುವುದಕ್ಕೆ.

ದ್ವೀಪಸಂಚಾರಿ:
ಮೇಷ್ಟ್ರೇ, ಆ ಮಾವನ ಕತೆ ಗೊತ್ತಿರಲಿಲ್ಲ. ಅಯೋನಾದಲ್ಲಿ ಬಂದರಿನಿಂದ ಮಠಕ್ಕೆ ನಡೆದ ದಾರಿ ಈಗ ಬೇರೆ ಥರ ನೆನಪಾಗುತ್ತಿದೆ. ಕಿಲ್ಡಾಲ್ಟನ್ ಅನ್ನುವ ಹೆಸರಿಗೆ ಅರ್ಥ ಇದೆಯಾ?

ಹಳೆಗಲ್ಲು:
ಇದೆ. ಗೇಲಿಕ್ ಭಾಷೆಯಲ್ಲಿ ‘ಕಿಲ್’ ಅಂದರೆ ಚರ್ಚು. ‘ದಾಲ್ತಾ’ ಅಂದರೆ ಸಾಕುಮಗ. ಸಾಕುಮಗನ ಚರ್ಚು. ಆ ಸಮಾಜದಲ್ಲಿ ಮಕ್ಕಳನ್ನು ಬೇರೆ ಮನೆಯಲ್ಲಿ ಬೆಳೆಸಲು ಕೊಡುವುದು ದೊಡ್ಡ ಸಂಬಂಧ. ಹೆತ್ತವರಷ್ಟೇ ಸಾಕಿದವರೂ ಮುಖ್ಯ. ಏಸುವಿನ ಪ್ರೀತಿಯ ಶಿಷ್ಯ ಯೋವಾನ್ನನನ್ನು ‘ಏಸುವಿನ ಸಾಕುಮಗ’ ಅಂತ ಗೇಲಿಕ್ ಜನ ಕರೆಯುತ್ತಿದ್ದರು. ಚರ್ಚು ಅವನ ಹೆಸರಿನದು.

ಮಡಂತ್ಯಾರಿನವಳು:
ದ್ವೀಪಸಂಚಾರಿ ಅವರೇ, ನೀವು ಹಾಕಿದ ಫೋಟೊ ದೊಡ್ಡದು ಮಾಡಿ ನೋಡಿದೆ. ಸಣ್ಣವಳಿದ್ದಾಗ ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಕಲಿತದ್ದು ಕಡೆಗೂ ಉಪಯೋಗಕ್ಕೆ ಬಂತು.

ತಾಯಿ ಮಗು ಇರುವ ಚೌಕ ಗೊತ್ತಾಗುತ್ತದೆ, ಕಂಬದ ಮೇಲ್ಭಾಗದಲ್ಲಿ. ಮರಿಯಮ್ಮ, ತೊಡೆಯ ಮೇಲೆ ಬಾಲ ಏಸು, ಎರಡೂ ಪಕ್ಕ ದೇವದೂತರು. ಒಂದು ತೋಳಿನಲ್ಲಿ ಅಬ್ರಹಾಮ ಮಗ ಇಸಾಕನನ್ನು ಬಲಿ ಕೊಡಲು ಹೊರಟದ್ದು. ಇನ್ನೊಂದು ತೋಳಿನಲ್ಲಿ ಕಾಯಿನ ತಮ್ಮ ಹೇಬೆಲನನ್ನು ಹೊಡೆಯುತ್ತಿರುವುದು. ಮೇಲಿನ ತೋಳಿನಲ್ಲಿ ದಾವೀದ ಸಿಂಹದ ಜೊತೆ ಸೆಣಸುತ್ತಿದ್ದಾನೆ.

ಒಂದು ವಿಷಯ ನೋಡಿ. ಕಾಯಿನ ಯಾವುದರಿಂದ ಹೊಡೆದ ಅಂತ ಬೈಬಲಿನಲ್ಲಿ ಎಲ್ಲೂ ಇಲ್ಲ. ಇಲ್ಲಿ ಅವನ ಕೈಯಲ್ಲಿರುವುದನ್ನು ಪ್ರಾಣಿಯ ದವಡೆ ಎಲುಬು ಅಂತ ಓದುತ್ತಾರೆ. ಕತ್ತೆಯ ದವಡೆ ಎಲುಬು ಹಿಡಿದು ಜನರನ್ನು ಕೊಂದವನು ಸಂಸೋನ, ಅದು ಬೇರೆಯೇ ಕತೆ. ಆ ಎಲುಬು ಹೇಗೋ ಕಾಯಿನನ ಕೈಗೆ ಬಂದಿದೆ. ಬ್ರಿಟನ್, ಐರ್ಲೆಂಡ್ ಕಡೆಯ ಚಿತ್ರಗಳಲ್ಲಿ ಇದು ಮತ್ತೆ ಮತ್ತೆ ಸಿಗುತ್ತದಂತೆ. ಕತೆ ಹೇಳುವವರು ಕೈಯಲ್ಲಿ ಏನಾದರೂ ಕೊಡಲೇಬೇಕಲ್ಲ.

ನನಗೆ ಅದಕ್ಕಿಂತ ಆಶ್ಚರ್ಯ ಅನ್ನಿಸಿದ್ದು ಇನ್ನೊಂದು. ಇಡೀ ಶಿಲುಬೆಯಲ್ಲಿ ಶಿಲುಬೆಗೇರಿದ ಏಸುವೇ ಇಲ್ಲ! ನಮ್ಮ ಕಡೆ ಮನೆ ಅಲ್ತಾರಿನಿಂದ ಹಿಡಿದು ಸಮಾಧಿ ತನಕ ಮೊಳೆ ಹೊಡೆದ ಮೈ ಇರಲೇಬೇಕು. ಇಲ್ಲಿ ಬಲಿಯ ಕತೆಯನ್ನು ಹೇಬೆಲನ ಕೈಲಿ, ಇಸಾಕನ ಕೈಲಿ ಹೇಳಿಸಿ, ಅವನನ್ನು ಮಗುವಾಗಿಯೇ ಬಿಟ್ಟಿದ್ದಾರೆ.

ದ್ವೀಪಸಂಚಾರಿ:
ಅಕ್ಕ, ಅರ್ಧ ಗಂಟೆ ಅದರ ಎದುರು ನಿಂತರೂ ನನಗೆ ಕಂಡದ್ದು ‘ಇಬ್ಬರು ಜಗಳ ಆಡ್ತಿದ್ದಾರೆ’ ಅಷ್ಟೇ.

ಹಿಂದಿನ ಮುಖ ಪೂರಾ ಬೇರೆ. ಅಲ್ಲಿ ಮನುಷ್ಯರಿಲ್ಲ. ಗುಂಡುಗುಂಡಾದ ಉಬ್ಬುಗಳು, ಸುರುಳಿಗಳು, ಹೆಣೆದುಕೊಂಡ ಹಾವುಗಳು. ನಡುವಿನ ದೊಡ್ಡ ಉಬ್ಬಿನ ಸುತ್ತ ನಾಲ್ಕು ಸಿಂಹ. ಐಲಾದವರು ಸಿಂಹ ಎಲ್ಲಿ ನೋಡಿದ್ದರೋ.

ಬಯಲುಸೀಮೆ_82:
ಹಾವು ಅಂದ್ರಲ್ಲ, ಫೋಟೊ ನೋಡಿದ ಕೂಡಲೇ ನನಗೆ ನಮ್ಮ ಅಶ್ವತ್ಥಕಟ್ಟೆಯ ನಾಗರಕಲ್ಲು ನೆನಪಾಯಿತು. ಅದೇ ಹೆಣಿಗೆ, ಅದೇ ಸುತ್ತು. ಸಂಬಂಧ ಇರಬಹುದಾ? ವ್ಯಾಪಾರಿಗಳ ಮೂಲಕ ಏನಾದರೂ?

ಹಳೆಗಲ್ಲು:
ಇಲ್ಲ ಸ್ವಾಮಿ. ಹಾವು ಸಿಕ್ಕಿದ ಕಡೆಯೆಲ್ಲ ಜನ ಹೆಣೆದಿದ್ದಾರೆ, ಅದರ ಮೈಯೇ ಹಾಗಿದೆ. ನಾಗರಕಲ್ಲಿಗೂ ಇದಕ್ಕೂ ದಾರಿ ಹುಡುಕಬೇಡಿ.

ಆ ಗುಂಡು ಉಬ್ಬುಗಳ ಮೂಲ ಅಕ್ಕಸಾಲಿಗರ ಅಂಗಡಿಯಲ್ಲಿದೆ. ಆ ಕಾಲದ ಬೆಳ್ಳಿ ಬಂಗಾರದ ಒಡವೆಗಳಲ್ಲಿ, ಧರ್ಮಗ್ರಂಥದ ಪೆಟ್ಟಿಗೆಗಳಲ್ಲಿ ತಗಡು ಕೂಡಿಸಿದ ಕಡೆ ಮೊಳೆಯ ತಲೆ ಕಾಣುತ್ತದೆ. ಅದನ್ನು ಮುಚ್ಚಲು ಗುಂಡನೆಯ ಗುಬ್ಬಿ, ಅಂದರೆ ಉಬ್ಬಿದ ಗುಂಡಿ, ಕೂರಿಸುತ್ತಿದ್ದರು. ಗುಬ್ಬಿ ಬರಬರುತ್ತಾ ಅಲಂಕಾರವಾಯಿತು. ಅದೇ ಗುಬ್ಬಿಗಳನ್ನು ಕಲ್ಲಿನಲ್ಲಿ ದೊಡ್ಡದು ಮಾಡಿ ಕೆತ್ತಿದ್ದಾರೆ. ಕಲ್ಲಿಗೆ ಮೊಳೆ ಬೇಕಿಲ್ಲ, ಆದರೂ ಗುಬ್ಬಿ ಬಂತು. ಹಾವು ಪೊರೆ ಬಿಡುವುದನ್ನು ಪುನರುತ್ಥಾನದ ಗುರುತು ಅಂತ ಕ್ರೈಸ್ತ ಪಂಡಿತರು ಓದುತ್ತಾರೆ. ಒಪ್ಪಬಹುದು.

ಸಿಂಹ ಎಲ್ಲಿ ನೋಡಿದರು ಅಂದರೆ, ಪುಸ್ತಕದಲ್ಲಿ. ಕೆಲ್ಸ್ ಪುಸ್ತಕ ಅಂತ ಈಗ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿದೆಯಲ್ಲ, ಅದು ಸುಮಾರು 800ರ ಹೊತ್ತಿನದು. ಅಯೋನಾದಲ್ಲೇ ಶುರುವಾಗಿರಬಹುದು ಅಂತ ಬಹಳ ಜನ ನಂಬುತ್ತಾರೆ. ಅದರಲ್ಲೂ ತಾಯಿ ಮಗು ದೇವದೂತರ ಚಿತ್ರ ಇದೆ. ಬಣ್ಣ ಕಲೆಸುವವನು, ಬಂಗಾರ ಕಾಯಿಸುವವನು, ಕಲ್ಲು ಕೆತ್ತುವವನು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತ ಮಠ ಅದು. ಒಬ್ಬರದು ಇನ್ನೊಬ್ಬರಿಗೆ ಬಂತು.

ಕಲ್ಲುಕುಟಿಗನ_ಮೊಮ್ಮಗ:
ನನ್ನ ತಾತ ಕಾರ್ಕಳದ ಕಡೆ ಕಲ್ಲು ಕೆಲಸ ಮಾಡುತ್ತಿದ್ದರು. ನಾನು ಚಾಣ ಹಿಡಿದದ್ದು ಬೇಸಿಗೆ ರಜೆಯಲ್ಲಿ ಮಾತ್ರ, ಅದಕ್ಕೇ ಈಗ ಕಂಪ್ಯೂಟರ್ ಮುಂದೆ ಕೂತಿದ್ದೇನೆ. ಆದರೂ ಒಂದೆರಡು ಮಾತು.

ಇಲ್ಲಿ ಎಲ್ಲರೂ ಹಾವು ಸಿಂಹ ಅಂತಿದ್ದೀರಿ. ನನ್ನ ಕಣ್ಣು ಹೋಗಿದ್ದು ಆ ನಾಲ್ಕು ತೂತುಗಳಿಗೆ. ಬಳೆಗೂ ಕಂಬಕ್ಕೂ ನಡುವೆ, ಕಂಕುಳಲ್ಲಿ. ಒಂದೇ ಚಪ್ಪಡಿಯಲ್ಲಿ ಬಳೆ ಬಿಡಿಸಬೇಕಾದರೆ ಆ ನಾಲ್ಕು ಜಾಗದಲ್ಲಿ ಕಲ್ಲನ್ನು ಆರುಪಾರು ತೆಗೆಯಬೇಕು. ಎರಡೂ ಮುಖದಿಂದ ಸ್ವಲ್ಪ ಸ್ವಲ್ಪ ತಿಂದುಕೊಂಡು ಬಂದು ನಡುವೆ ಸೇರಿಸಬೇಕು. ಕೊನೇ ಪೆಟ್ಟು ಜೋರಾದರೆ ಬಳೆ ಹಾರಿಹೋಗುತ್ತದೆ. ಅಲ್ಲಿ ತನಕ ಮಾಡಿದ್ದೆಲ್ಲ ಹೋಯಿತು. ತಾತ ಹೇಳುತ್ತಿದ್ದರು, ಮೂಗು ಕೊನೆಗೆ ಬಿಡಿಸಬೇಕು, ಯಾಕೆಂದರೆ ಮೊದಲು ಹೋಗೋದೇ ಮೂಗು ಅಂತ. ಇಲ್ಲಿ ಬಳೆಯೇ ಮೂಗು.

ಇನ್ನೊಂದು, ಕಲ್ಲು ಯಾವುದು?

ದ್ವೀಪಸಂಚಾರಿ:
ಆ ದ್ವೀಪದ್ದೇ. ಬೂದು ಹಸಿರು ಬಣ್ಣ. ಅಲ್ಲಿನವರು ನೀಲಿಕಲ್ಲು ಅನ್ನುತ್ತಾರೆ. ಮುಟ್ಟಿ ನೋಡಲಿಲ್ಲ, ಮುಟ್ಟಬಾರದು ಅನ್ನಿಸಿತು. ಕಣ್ಣಿಗೆ ಬಿಗಿಯಾಗಿ, ನುಣ್ಣಗೆ ಕಾಣುತ್ತದೆ. ಮೇಲೆಲ್ಲ ಬಿಳಿ ಹಸಿರು ಕಲ್ಲುಹೂವು.

ಕಲ್ಲುಕುಟಿಗನ_ಮೊಮ್ಮಗ:
ಸರಿ, ಹಾಗಾದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಬಿಗಿ ಕಲ್ಲು ನೀರು ಕುಡಿಯುವುದಿಲ್ಲ. ನೀರು ಒಳಗೆ ಹೋಗಿ ಚಳಿಗೆ ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಕಲ್ಲು ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಅದೇ ದ್ವೀಪದಲ್ಲಿ ಬೇರೆ ಕಲ್ಲಿನ ಶಿಲುಬೆ ಇದೆಯಾ? ಹೋಲಿಸಿ ನೋಡಬಹುದು.

ಹಳೆಗಲ್ಲು:
ಇದೆ. ಕಿಲ್ನೇವ್ ಅಂತ, ದ್ವೀಪದ ಇನ್ನೊಂದು ಮೂಲೆಯಲ್ಲಿ, ಗ್ರೂನಾರ್ಟ್ ಕೊಲ್ಲಿಯ ದಡದಲ್ಲಿ. ಅದೂ ಸ್ಮಶಾನದಲ್ಲೇ, ಅದೂ 8ನೇ ಶತಮಾನದ್ದೇ. ಎತ್ತರವೂ ಹೆಚ್ಚುಕಡಿಮೆ ಇಷ್ಟೇ. ಬಳೆ ಇಲ್ಲ. ತೆಳು ಹಲಗೆಯಂಥ ಕಲ್ಲು. ಒಂದು ಮುಖದ ಕೆತ್ತನೆ ಬಹಳ ಮಟ್ಟಿಗೆ ಅಳಿಸಿಹೋಗಿದೆ, ತೋಳೂ ಮುಕ್ಕಾಗಿದೆ. ಎರಡೂ ಒಂದೇ ದ್ವೀಪದ ಮಳೆ ಗಾಳಿಗೆ ನಿಂತವು.

ಬೀಮು_ಕಾಲಮ್:
ನಾನು ಸಿವಿಲ್. ಸ್ಟ್ರಕ್ಚರ್ ಕೆಲಸ. ಮೊದಲನೇ ಪ್ರಶ್ನೆಗೆ ನನ್ನ ಉತ್ತರ.

ಕಲ್ಲನ್ನು ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಶಿಲುಬೆಯ ತೋಳು ಅಂದರೆ ನಮ್ಮ ಮನೆಯ ಸಜ್ಜಾ ಇದ್ದ ಹಾಗೆ. ಒಂದು ಕಡೆ ಮಾತ್ರ ಹಿಡಿತ, ಇನ್ನೊಂದು ತುದಿ ಗಾಳಿಯಲ್ಲಿ. ತನ್ನ ಭಾರಕ್ಕೇ ಕೆಳಗೆ ಬಾಗಲು ನೋಡುತ್ತದೆ. ಆಗ ಮೇಲಿನ ಅಂಚು ಎಳೆತಕ್ಕೆ ಸಿಗುತ್ತದೆ. ಸಜ್ಜಾದಲ್ಲಿ ಅದಕ್ಕೇ ಕಬ್ಬಿಣವನ್ನು ಮೇಲುಗಡೆ ಹಾಕುವುದು. ಕಲ್ಲಿನಲ್ಲಿ ಕಬ್ಬಿಣ ಎಲ್ಲಿ? ಚಾಚು ಎರಡರಷ್ಟು ಆದರೆ ಬುಡದಲ್ಲಿ ಬೀಳುವ ಬಾಗು ನಾಲ್ಕರಷ್ಟು ಆಗುತ್ತದೆ. ಎರಡರಷ್ಟಲ್ಲ, ನಾಲ್ಕರಷ್ಟು. ಇಲ್ಲೇ ಎಲ್ಲರೂ ಎಡವುವುದು.

ಸಂತ ಜಾನ್ ಶಿಲುಬೆಯ ತೋಳು ತುದಿಯಿಂದ ತುದಿಗೆ 2 ಮೀಟರಿಗೂ ಜಾಸ್ತಿ. ಕಿಲ್ಡಾಲ್ಟನ್ 1.32. ಅದೂ ಸಾಲದು ಅಂತ, ಸಂತ ಜಾನ್ ಒಂದೇ ಕಲ್ಲಲ್ಲ. ಬಡಗಿ ಬಾಗಿಲು ಚೌಕಟ್ಟು ಮಾಡುವ ಹಾಗೆ, ಒಂದು ತುಂಡಿನಲ್ಲಿ ತೂತು ಕೊರೆದು, ಇನ್ನೊಂದರಲ್ಲಿ ಮೂತಿ ಬಿಟ್ಟು, ಕೂಡಿಸಿದ್ದಾರೆ. ಮರಕ್ಕೆ ಅದು ಸರಿ. ಮರ ಸ್ವಲ್ಪ ಬಾಗಿ ಸಹಿಸಿಕೊಳ್ಳುತ್ತದೆ. ಕಲ್ಲಿಗೆ ಆ ಗುಣ ಇಲ್ಲ. ತೂತು ಕೊರೆದ ಜಾಗದಲ್ಲೇ ಮೈ ತೆಳು, ಭಾರ ಬೀಳುವುದೂ ಅಲ್ಲೇ. ಅಟ್ಲಾಂಟಿಕ್ ಗಾಳಿ ಬೇರೆ.

ಬಿತ್ತು ಅನ್ನುವುದು ದೊಡ್ಡ ವಿಷಯ ಅಲ್ಲ. ನಿಲ್ಲಿಸುವ ಧೈರ್ಯ ಮಾಡಿದರಲ್ಲ, ಅದು.

ದ್ವೀಪಸಂಚಾರಿ:
ಆದರೆ ಸಂತ ಜಾನ್‌ಗೂ ಬಳೆ ಇದೆಯಲ್ಲ ಸಾರ್? ಬಳೆ ತೋಳಿಗೆ ಆಸರೆ ಕೊಡುವುದಿಲ್ಲವಾ?

ಹಳೆಗಲ್ಲು:
ಅಲ್ಲೇ ಸ್ವಾರಸ್ಯ ಇರುವುದು. ಸಂತ ಜಾನ್ ಶಿಲುಬೆಯ ಬಳೆ ಮೊದಲು ಇರಲಿಲ್ಲ ಅಂತ ಅದನ್ನು ತುಂಡು ತುಂಡಾಗಿ ನೋಡಿದವರು ಹೇಳುತ್ತಾರೆ. ಬಳೆಯ ನಾಲ್ಕು ತುಂಡುಗಳ ಕಲ್ಲಿನ ಜಾತಿಯೇ ಬೇರೆ. ಶಿಲುಬೆ ನಿಲ್ಲಿಸಿದರು, ಬಿತ್ತು, ಅಥವಾ ಬೀಳುವ ಹಾಗಾಯಿತು. ಆಮೇಲೆ ತೋಳಿನ ಕೆಳಗೆ ಮೇಲೆ ಕಮಾನಿನಂತೆ ನಾಲ್ಕು ತುಂಡು ಕೂಡಿಸಿ ನಿಲ್ಲಿಸಿದರು. ಅಂದರೆ ರಿಪೇರಿ.

ಈಗ ಲೋಕದ ಎಲ್ಲಾ ಕಡೆ ‘ಕೆಲ್ಟಿಕ್ ಶಿಲುಬೆ’ ಅಂದರೆ ಬಳೆ ಇರಲೇಬೇಕು, ಅಲ್ವಾ. ಲಾಕೆಟ್ ಆಗಲಿ, ಹಚ್ಚೆ ಆಗಲಿ. ಅದು ಹುಟ್ಟಿದ್ದೇ ಅಯೋನಾದ ಈ ರಿಪೇರಿಯಿಂದ ಅನ್ನುವ ಒಂದು ವಾದ ಇದೆ. ಎಲ್ಲರೂ ಒಪ್ಪುವುದಿಲ್ಲ. ಬಳೆ ಅಂದರೆ ವಿಜಯದ ಮಾಲೆ, ಪ್ರಭಾವಳಿ, ಸೂರ್ಯ ಅಂತ ಬೇರೆ ಬೇರೆ ಹೇಳುವವರೂ ಇದ್ದಾರೆ. ನನಗೆ ರಿಪೇರಿ ವಾದವೇ ಇಷ್ಟ.

ಬೀಮು_ಕಾಲಮ್:
ಓಹೋ! ಹಾಗಾದರೆ ಕಿಲ್ಡಾಲ್ಟನ್ ಬಳೆ ಆ ರಿಪೇರಿಯ ನಕಲು ಆಗುತ್ತದೆ! ಒಂದೇ ಕಲ್ಲಿನಲ್ಲಿ, ಇಷ್ಟು ಚಿಕ್ಕ ತೋಳಿಗೆ ಆ ಊರುಗೋಲು ಅಷ್ಟೇನೂ ಬೇಕಿಲ್ಲ. ಆದರೂ ಬಿಡಿಸಿದ್ದಾನೆ. ಮೊಮ್ಮಗ ಹೇಳಿದ ಹಾಗೆ ನಾಲ್ಕು ತೂತು ಕೊರೆಯುವ ಅಪಾಯ ತಗೊಂಡು.

ಹಳೆಗಲ್ಲು:
ನನ್ನ ಊಹೆಯೂ ಅದೇ. ಅಯೋನಾದಲ್ಲೇ ಇರುವ ಸಂತ ಮಾರ್ಟಿನ್ ಶಿಲುಬೆ ನೋಡಿ. ಅದು 4.3 ಮೀಟರ್ ಎತ್ತರ, ಒಂದೇ ಕಲ್ಲು, ಬಳೆ ಕಲ್ಲಿನಲ್ಲೇ ಇದೆ, ತೋಳು ಮಾತ್ರ ಬಹಳ ಗಿಡ್ಡ. ಬಳೆಯಿಂದ ಆಚೆಗೆ ಬರುವುದೇ ಇಲ್ಲ ಅನ್ನಬೇಕು. ತೋಳಿನ ತುದಿಗಳಲ್ಲಿ ಸೀಳು ಬಿಟ್ಟಿದ್ದಾರೆ, ಬೇರೆ ಏನೋ ಪಟ್ಟಿ ಸಿಕ್ಕಿಸಲು ಇರಬೇಕು. ಅದೂ ಮೊದಲಿನ ಜಾಗದಲ್ಲೇ ಇವತ್ತಿಗೂ ನಿಂತಿದೆ. ಸಂತ ಜಾನ್ ಬಿದ್ದದ್ದನ್ನು ಕಣ್ಣಾರೆ ಕಂಡ ಕೈಗಳ ಕೆಲಸ ಇದು ಅಂತ ನನಗೆ ಅನ್ನಿಸುತ್ತದೆ. ಕಿಲ್ಡಾಲ್ಟನ್ ಕೆತ್ತಿದವನೂ ಅದೇ ಗುಂಪಿನವನು. ಶೈಲಿ ಅಷ್ಟು ಹತ್ತಿರ.

ಮಡಂತ್ಯಾರಿನವಳು:
ನಾರ್ವೆ ಕಡೆಯ ಕಡಲ್ಗಳ್ಳರಾದ ವೈಕಿಂಗರು ಇದನ್ನು ಯಾಕೆ ಬಿಟ್ಟರು? ಅಯೋನಾವನ್ನು ಲೂಟಿ ಮಾಡಿದರು ಅಂತ ಓದಿದ್ದೇನೆ.

ಹಳೆಗಲ್ಲು:
ಮಾಡಿದರು. 795ರಲ್ಲಿ, 802ರಲ್ಲಿ, 806ರಲ್ಲಿ. 806ರಲ್ಲಿ 68 ಜನ ಸತ್ತರು. ಆಮೇಲೆ ಮಠದವರು ಐರ್ಲೆಂಡಿನ ಕೆಲ್ಸ್‌ನಲ್ಲಿ ಹೊಸ ನೆಲೆ ಕಟ್ಟಿಕೊಂಡರು. ಆದರೆ ವೈಕಿಂಗರಿಗೆ ಬೇಕಾಗಿದ್ದು ಬೆಳ್ಳಿ, ಬಂಗಾರ, ಆಳುಗಳು. ಟನ್ನುಗಟ್ಟಲೆ ಕಲ್ಲು ದೋಣಿಗೆ ಯಾರು ಹಾಕಿಕೊಳ್ಳುತ್ತಾರೆ? ಅವರದೇ ಜನ ಮುಂದೆ ಐಲಾದಲ್ಲಿ ನೆಲೆ ನಿಂತರು, ಕ್ರೈಸ್ತರಾದರು. 1266ರ ಪರ್ತ್ ಒಪ್ಪಂದದ ತನಕ ಆ ದ್ವೀಪಗಳು ಲೆಕ್ಕಕ್ಕೆ ನಾರ್ವೆಯವು. ನನಗೆ ಹೆಚ್ಚು ಭಯ ಹುಟ್ಟಿಸುವ ವರ್ಷ 1560. ಸ್ಕಾಟ್ಲೆಂಡ್ ಪೋಪ್‌ನನ್ನು ಬಿಟ್ಟ ವರ್ಷ. ಆಮೇಲೆ ವಿಗ್ರಹ ಅನ್ನಿಸಿದ್ದನ್ನೆಲ್ಲ ಒಡೆದರು. ಕಿಲ್ಡಾಲ್ಟನ್ ಮೂಲೆಯಲ್ಲಿ ಇದ್ದದ್ದು ಒಳ್ಳೆಯದಾಯಿತು.

ಬಯಲುಸೀಮೆ_82:
ನಾಗರಕಲ್ಲಿನಲ್ಲಿ ಬೈಸಿಕೊಂಡೆ, ಇದಾದರೂ ಸರಿ ಇರಬಹುದು ನೋಡಿ. ಶಿಲುಬೆ ಕೆಳಗೆ ಅಗೆದಾಗ ಒಬ್ಬ ಗಂಡಸು ಒಬ್ಬ ಹೆಂಗಸಿನ ಎಲುಬು ಸಿಕ್ಕಿತು, ಗಂಡಸನ್ನು ವೈಕಿಂಗರು ಬೆನ್ನು ಸೀಳಿ ಪಕ್ಕೆಲುಬು ರೆಕ್ಕೆ ಥರ ಬಿಡಿಸಿ ಕೊಂದಿದ್ದರು, ‘ರಕ್ತದ ಹದ್ದು’ ಅಂತ ಅದರ ಹೆಸರು, ಅಂತ ಒಂದು ವಿಡಿಯೊದಲ್ಲಿ ನೋಡಿದೆ.

ಹಳೆಗಲ್ಲು:
ಬೈದದ್ದಲ್ಲ ಸ್ವಾಮಿ, ಕ್ಷಮಿಸಿ. ಆ ಕತೆಯನ್ನು ನಾನೂ ಕೇಳಿದ್ದೇನೆ. ಅಗೆದದ್ದು ನಿಜ. 1882ರಲ್ಲಿ ಶಿಲುಬೆ ಅಪಾಯಕ್ಕೆ ಬರುವಷ್ಟು ವಾಲಿತ್ತು. ಅದನ್ನು ಇಳಿಸಿ, ಬುಡ ಹೊಸದಾಗಿ ಕಟ್ಟಿ, ಮತ್ತೆ ಅಲ್ಲೇ ನಿಲ್ಲಿಸಿದರು. ಎಲುಬು ಸಿಕ್ಕಿತು ಅಂತಲೂ ಹೇಳುತ್ತಾರೆ. ಸ್ಮಶಾನದಲ್ಲಿ ಅಗೆದರೆ ಎಲುಬು ಸಿಗದೆ ಇನ್ನೇನು ಸಿಗುತ್ತದೆ.

ಹದ್ದಿನ ವಿಷಯ ಮಾತ್ರ ನಾನು ನಂಬುವುದಿಲ್ಲ. ಆ ಶಿಕ್ಷೆಯ ವಿವರ ಬರುವುದು ಘಟನೆಗಳಾಗಿ ಎಷ್ಟೋ ಶತಮಾನ ಆದಮೇಲೆ ಬರೆದ ಐಸ್‌ಲ್ಯಾಂಡಿನ ಕತೆಗಳಲ್ಲಿ. ಹಳೇ ಪದ್ಯದ ಸಾಲನ್ನು ತಪ್ಪಾಗಿ ಅರ್ಥ ಮಾಡಿಕೊಂಡು ಹುಟ್ಟಿದ್ದು ಅಂತ ಹೇಳುವ ವಿದ್ವಾಂಸರೂ ಇದ್ದಾರೆ. ಮಣ್ಣಿನಲ್ಲಿ ಸಾವಿರ ವರ್ಷ ಇದ್ದ ಪಕ್ಕೆಲುಬು ಬಿಡಿಸಿಕೊಂಡಿದ್ದರೆ ಅದಕ್ಕೆ ಮಣ್ಣಿನ ಭಾರವೇ ಸಾಕು.

ದ್ವೀಪಸಂಚಾರಿ:
ಹಾಗಾದರೆ ನನ್ನ ಮೊದಲ ಪೋಸ್ಟಿನ ‘1200 ವರ್ಷ ಅಲ್ಲಾಡದೆ’ ತಪ್ಪು. ಒಮ್ಮೆ ಇಳಿಸಿ ನಿಲ್ಲಿಸಿದ್ದಾರೆ. ತಿದ್ದುತ್ತೇನೆ.

ಬೀಮು_ಕಾಲಮ್:
ತಪ್ಪೇನಿಲ್ಲ, ಜಾಗ ಅದೇ. ಮತ್ತೆ ಗಮನಿಸಿ, ಹೋದದ್ದು ಪಾಯ, ಕಲ್ಲಲ್ಲ. ಕೆಳಗಿನ ಮಣ್ಣು ಕೂತಿದೆ, ಕಂಬ ವಾಲಿದೆ, ತೋಳು ಮಾತ್ರ ಗಟ್ಟಿ. ಸಂತ ಜಾನ್‌ದು ಉಲ್ಟಾ ಅಲ್ವಾ?

ಹಳೆಗಲ್ಲು:
ಹೌದು. ಸಂತ ಜಾನ್ ತುಂಡುಗಳನ್ನು 1927ರಲ್ಲಿ ಕೂಡಿಸಿ ನಿಲ್ಲಿಸಿದರು. 1951ರಲ್ಲಿ ಗಾಳಿಗೆ ಬಿತ್ತು. ಮತ್ತೆ ಎತ್ತಿ ನಿಲ್ಲಿಸಿದರು. 1957ರಲ್ಲಿ ಮತ್ತೆ ಬಿತ್ತು. ಆಮೇಲೇ 1970ರಲ್ಲಿ ಒಳಗೆ ಉಕ್ಕು ಇರುವ ಕಾಂಕ್ರೀಟಿನ ನಕಲು ಮಾಡಿದ್ದು.

ಬೀಮು_ಕಾಲಮ್:
ಉಕ್ಕು! ಸಜ್ಜಾ ಮೇಲಿನ ಕಬ್ಬಿಣ! ಎಳೆತ ತಡೆಯೋದಕ್ಕೆ ಕೊನೆಗೂ ಏನೋ ಸಿಕ್ಕಿತು. 8ನೇ ಶತಮಾನದವನು ಮನಸ್ಸಿನಲ್ಲಿ ಕಂಡ ಅಳತೆಗೆ ಬೇಕಾದ ಸಾಮಾನು 20ನೇ ಶತಮಾನಕ್ಕೆ ಬಂತು.

ಮಡಂತ್ಯಾರಿನವಳು:
ಕಿಲ್ಡಾಲ್ಟನ್‌ದನ್ನೂ ಒಳಗೆ ತಗೊಂಡು ಹೋಗಿ, ಹೊರಗೆ ನಕಲು ಇಡಬೇಕಾ? ಕಲ್ಲುಹೂವು ಬೆಳೆದಿದೆ ಅಂದ್ರಲ್ಲ. ನನಗೆ ಎರಡು ಮನಸ್ಸು.

ಕಲ್ಲುಕುಟಿಗನ_ಮೊಮ್ಮಗ:
ಬೇಡ. ಒಳಗೆ ಇಟ್ಟರೆ ಅದು ಕೆತ್ತನೆ ಮಾತ್ರ ಆಗುತ್ತದೆ. ಹೊರಗೆ ಇದ್ದರೆ ಬೆಳಗಿನ ಬಿಸಿಲಿಗೆ ಒಂದು ಮುಖ, ಸಂಜೆ ಬಿಸಿಲಿಗೆ ಇನ್ನೊಂದು ಮುಖ ಏಳುತ್ತದೆ. ಉಬ್ಬು ಕೆತ್ತನೆ ಮಾಡುವವನು ಬಿಸಿಲು ಲೆಕ್ಕ ಹಾಕಿಯೇ ಆಳ ಕೊಡುವುದು. ಕಲ್ಲುಹೂವನ್ನು ಅದರ ಪಾಡಿಗೆ ಬಿಡಲಿ. ಕೆರೆಯಲು ಹೋದರೇ ಮೈ ಕಿತ್ತುಬರುವುದು. ನಮ್ಮೂರಿನ ಒಂದು ವೀರಗಲ್ಲಿಗೆ ಯಾರೋ ಭಕ್ತಿಯಿಂದ ತಂತಿ ಬ್ರಷ್ ಹಾಕಿ ಉಜ್ಜಿ, ಮೇಲೆ ಹಳದಿ ಎಣ್ಣೆ ಬಣ್ಣ ಬಳಿದರು. ಹಂದಿ ಬೇಟೆ ಇತ್ತು ಅದರಲ್ಲಿ. ಈಗ ನಾಯಿಯೋ ಹಂದಿಯೋ ಗೊತ್ತಾಗುವುದಿಲ್ಲ.

ಹಳೆಗಲ್ಲು:
ನಾನು ಅಷ್ಟು ಗಟ್ಟಿಯಾಗಿ ಹೇಳಲಾರೆ. ಈ ಕಲ್ಲು ತಡೆಯುತ್ತಿದೆ, ಅದಕ್ಕೇ ಹೊರಗಿರಲಿ. ಕಿಲ್ನೇವ್‌ನಂಥದ್ದಕ್ಕೆ ನಾನು ಬೇರೆ ಉತ್ತರ ಕೊಟ್ಟೇನು.

ಸುಮ್ನೆ_ಓದುಗ:
ಮುಂದಿನ ವರ್ಷ ಹೋಗುವ ಯೋಚನೆ ಬಂತು ನನಗೂ. ಯಾವ ಹೊತ್ತಿಗೆ ಹೋಗಬೇಕು? ಟಿಕೆಟ್ ಇದೆಯಾ?

ದ್ವೀಪಸಂಚಾರಿ:
ಟಿಕೆಟ್ ಇಲ್ಲ, ಕಾವಲುಗಾರ ಇಲ್ಲ. ಗೇಟು ತೆಗೆದು ಒಳಗೆ ಹೋಗೋದು, ಬರುವಾಗ ಹಾಕೋದು. ಕುರಿ ನುಗ್ಗುತ್ತವೆ. ನಾನು ಹೋದದ್ದು ನಡು ಮಧ್ಯಾಹ್ನ, ಮೋಡ ಬೇರೆ. ಅದಕ್ಕೇ ನನ್ನ ಫೋಟೊದಲ್ಲಿ ಎಲ್ಲಾ ಚಪ್ಪಟೆ. ಮೊಮ್ಮಗ ಅವರು ಹೇಳಿದ ಹಾಗೆ ಓರೆ ಬಿಸಿಲು ಬೇಕು. ಇಲ್ಲದಿದ್ದರೆ ಒಂದು ಟಾರ್ಚು ಪಕ್ಕದಿಂದ ಹಿಡಿದು ನೋಡಿ. ಮಳೆ ಅಂಗಿ ಬಿಡಬೇಡಿ.

ಗೇಟಿನ ಹತ್ತಿರ ಒಂದು ಪೆಟ್ಟಿಗೆಯಲ್ಲಿ ಕೇಕು, ಫ್ಲಾಸ್ಕಿನಲ್ಲಿ ಚಹಾ ಇಟ್ಟಿದ್ದರು. ಮಾರುವವರು ಯಾರೂ ಇಲ್ಲ. ದುಡ್ಡು ಡಬ್ಬಿಗೆ ಹಾಕಿ ತಗೊಳ್ಳೋದು. ನನ್ನ ಹತ್ತಿರ ಚಿಲ್ಲರೆ ಇರಲಿಲ್ಲ, ಒಂದು ತುಂಡು ಕೇಕಿಗೆ ಐದು ಪೌಂಡ್ ನೋಟು ಹಾಕಿದೆ. ಅದಕ್ಕೇ ಎರಡು ತುಂಡು ತಿಂದೆ.

ಹಳೆಗಲ್ಲು:
ಗೋಡೆಯ ಆಚೆ ಇರುವ ಇನ್ನೊಂದು ಶಿಲುಬೆ ನೋಡಿದಿರಾ? ಸಣ್ಣದು. ಕಂಪೌಂಡಿನ ಹೊರಗೆ ಪ್ರತ್ಯೇಕ ಆವರಣದಲ್ಲಿದೆ. ದೊಡ್ಡದಕ್ಕಿಂತ ನೂರಾರು ವರ್ಷ ಈಚಿನದು. ‘ಕಳ್ಳನ ಶಿಲುಬೆ’ ಅಂತ ಕರೆಯುತ್ತಾರೆ. ಕಳ್ಳನಿಗೆ ಒಳಗೆ ಜಾಗ ಕೊಡಲಿಲ್ಲ ಅನ್ನೋದು ಜನರ ಮಾತು.

ದ್ವೀಪಸಂಚಾರಿ:
ಇಲ್ಲ ಮೇಷ್ಟ್ರೇ. ಆ ಹೊತ್ತಿಗೆ ಕೇಕು ತಿನ್ನುತ್ತಾ ಇದ್ದೆ. ಬಹುಶಃ ಅದಕ್ಕೇ ಬೆನ್ನು ಕೊಟ್ಟು ನಿಂತಿದ್ದೆ.